ಖಾಸಗಿ ಯಾಟ್ ನೌಕರಿ: ಸಂಬಳಕ್ಕಿಂತ ಮೊದಲು ಕರಾರು ನೋಡಿ

ಹಡಗಿನ ನೌಕರಿ ನಮ್ಮ ಕರಾವಳಿಯ ಮನೆಗಳಿಗೆ ಹೊಸತಲ್ಲ. ಸಿರಿವಂತರ ವಿಹಾರನೌಕೆ, ಅಂದರೆ ಯಾಟ್‌ಗಳ ಕೆಲಸ ಮಾತ್ರ ಸ್ವಲ್ಪ ಬೇರೆ. ಸಂಬಳ ಹೆಚ್ಚಾಗಿ ಯೂರೋ ಇಲ್ಲವೇ ಡಾಲರ್‌ನಲ್ಲಿ. ಊಟ, ಕ್ಯಾಬಿನ್, ಸಮವಸ್ತ್ರ ಸಾಮಾನ್ಯವಾಗಿ ಮಾಲೀಕರ ಖರ್ಚು. ಬಾಡಿಗೆಗೆ ಹೋಗುವ ಯಾಟ್ ಆದರೆ ಅತಿಥಿಗಳ ಬಕ್ಷೀಸನ್ನು ಸಿಬ್ಬಂದಿ ಹಂಚಿಕೊಳ್ಳುವ ಪದ್ಧತಿಯೂ ಉಂಟು. ಮುಂಬಯಿಯ ಮನೆ ಬಾಡಿಗೆ, ರೈಲು ಪಾಸಿನ ಲೆಕ್ಕ ಬಲ್ಲವರಿಗೆ ಇದು ದೊಡ್ಡ ಉಳಿತಾಯವೇ ಸರಿ.

ಆದರೆ ಸೀಸನ್ ಮುಗಿದೊಡನೆ ಕೆಲಸ ನಿಲ್ಲುವುದೂ ಇದೆ. ಆರು ತಿಂಗಳ ಗಳಿಕೆಯನ್ನು ಹನ್ನೆರಡರಿಂದ ಭಾಗಿಸಿ ನೋಡುವುದು ಒಳ್ಳೆಯದು.

2006ರ ಅಂತಾರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದ 2013ರಲ್ಲಿ ಜಾರಿಗೆ ಬಂತು. ಭಾರತ 2015ರಲ್ಲಿ ಅದನ್ನು ಅನುಮೋದಿಸಿತು. ಅದರಂತೆ ತಿಂಗಳಿಗೆ ಕನಿಷ್ಠ ಎರಡೂವರೆ ದಿನ ಸಂಬಳ ಸಹಿತ ರಜೆ, ಕಾಯಿಲೆಗೆ ಚಿಕಿತ್ಸೆ, ಕರಾರು ಮುಗಿದಾಗ ಊರಿಗೆ ಮರಳುವ ಖರ್ಚು ನೌಕರನ ಹಕ್ಕು. ಮಾಲೀಕ ನಡುದಾರಿಯಲ್ಲಿ ಕೈಬಿಟ್ಟರೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳಕ್ಕೆ 2017ರಿಂದ ಭದ್ರತೆಯೂ ಸೇರಿದೆ.

ತೊಡಕು ಇರುವುದು ಇಲ್ಲೇ. ಈ ಒಪ್ಪಂದ ವಾಣಿಜ್ಯ ವ್ಯವಹಾರದ ಹಡಗುಗಳಿಗೆ. ಮಾಲೀಕ ತನ್ನ ಕುಟುಂಬದ ವಿಹಾರಕ್ಕಷ್ಟೇ ಇಟ್ಟುಕೊಂಡ ಯಾಟ್ ಇದರ ಹೊರಗೆ. ಅಲ್ಲಿ ಕರಾರುಪತ್ರವೂ ಯಾಟ್ ಯಾವ ದೇಶದ ಧ್ವಜ ಹೊತ್ತಿದೆಯೋ ಅಲ್ಲಿನ ಕಾನೂನೂ ಮಾತ್ರ ಆಧಾರ. ಮರಳಿ ಬರುವ ವಿಮಾನದ ಟಿಕೆಟ್ ಯಾರದು, ಗಾಯವಾದರೆ ವಿಮೆ ಎಷ್ಟು ಎಂಬುದು ಬರಹದಲ್ಲೇ ಇರಬೇಕು, ಬಾಯಿಮಾತು ಸಾಲದು. ನಮ್ಮ ಪಿ.ಎಫ್., ಗ್ರಾಚ್ಯುಟಿಯನ್ನು ಅಲ್ಲಿ ನೆಚ್ಚುವಂತಿಲ್ಲ.

ಇನ್ನು ಏಜೆಂಟರ ವಿಚಾರ. ಕೇಂದ್ರ ಸರಕಾರದ ಆರ್‌ಪಿಎಸ್‌ಎಲ್ ಪರವಾನಗಿ ಇದ್ದವರು ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಹಣ ಪಡೆಯುವಂತಿಲ್ಲ. ‘ಸರ್ವಿಸ್ ಚಾರ್ಜ್’ ಎಂದು ಲಕ್ಷದ ಮಾತು ಬಂದರೆ ಪಾಸ್‌ಪೋರ್ಟ್ ಜೇಬಿಗೆ ಹಾಕಿಕೊಂಡು ಎದ್ದು ಬರುವುದೇ ಲೇಸು.