ದೇವರಿಗೊಂದು ಹಿಡಿ ಅಕ್ಕಿ

ಮಿಜೋರಾಂನ ಕ್ರೈಸ್ತ ಮನೆಗಳಲ್ಲಿ ಅನ್ನಕ್ಕಿಡುವ ಮುನ್ನ ಒಂದು ಚಿಕ್ಕ ಕೆಲಸವಿದೆ. ಮನೆಯೊಡತಿ ಅಳೆದಿಟ್ಟ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೊಂದು ಡಬ್ಬಿಗೆ ಹಾಕುತ್ತಾಳೆ. ಬೆಳಗಿನ ಅಡುಗೆಗೆ ಒಂದು ಹಿಡಿ, ಸಂಜೆಯ ಅಡುಗೆಗೆ ಮತ್ತೊಂದು ಹಿಡಿ. ಅದು ದೇವರ ಪಾಲು. ಮಿಜೋ ಭಾಷೆಯಲ್ಲಿ ಇದಕ್ಕೆ 'ಬುಹ್‌ಫೈ ಥಾಮ್' ಎಂದು ಹೆಸರು. ಅರ್ಥ ಇಷ್ಟೇ: ಒಂದು ಹಿಡಿ ಅಕ್ಕಿ.

ಇದು ಆರಂಭವಾದದ್ದು 1910ರಲ್ಲಿ. ಲೊರೇನ್ ಮತ್ತು ಸ್ಯಾವಿಜ್ ಎಂಬ ಮಿಷನರಿಗಳು ಐಜಾಲ್‌ಗೆ ಬಂದು (1894) ಆಗಿನ್ನೂ ಹದಿನಾರೇ ವರ್ಷ. ಬಡತನ ಬಹಳವಿತ್ತು. ಹೆಂಗಸರ ಕೈಯಲ್ಲಿ ಕಾಸು ಆಡುತ್ತಿರಲಿಲ್ಲ. ಆದರೆ ಅಕ್ಕಿಯ ಗಡಿಗೆ ಅವರ ವಶದಲ್ಲಿತ್ತು! ಇದ್ದುದರಲ್ಲೇ ಕೊಡುವ ದಾರಿಯನ್ನು ಅವರು ಕಂಡುಕೊಂಡರು.

ಮರುವರ್ಷವೇ ಪರೀಕ್ಷೆ ಎದುರಾಯಿತು. 1911-12ರಲ್ಲಿ ಬೆಟ್ಟದ ಬಿದಿರೆಲ್ಲ ಹೂಬಿಟ್ಟಿತು. ಅದರ ಬೀಜ ತಿಂದ ಇಲಿಗಳು ವಿಪರೀತ ಹೆಚ್ಚಿ, ಬೆಳೆಗೆ ಮುತ್ತಿದವು. 'ಮೌತಾಮ್' ಎಂದು ಕರೆಯಲಾಗುವ ಬರಗಾಲವಿದು. ಅಂಥ ದಿನಗಳಲ್ಲಿ ಒಂದು ಹಿಡಿ ಅಕ್ಕಿ ಎಂದರೆ ಮಗುವಿನ ಒಂದು ತುತ್ತು. ಆದರೂ ಪದ್ಧತಿ ಅಳಿಯಲಿಲ್ಲ. 1959ರ ಬರವನ್ನೂ ದಾಟಿ ಇಂದಿಗೂ ನಡೆದುಬಂದಿದೆ.

ದೇವರಿಗೆ ಅಕ್ಕಿಯ ಅಗತ್ಯವಿದೆಯೆ? ಮಕ್ಕಳು ಕೇಳಬಹುದಾದ ಪ್ರಶ್ನೆಯೇ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಆದಾಯದ ಹತ್ತನೆಯ ಒಂದು ಪಾಲು, ಅಂದರೆ ದಶಮಾಂಶ ಕೊಡುವ ನಿಯಮವಿದೆ. ಅದರ ಜೊತೆಗೆ ಮನಸಾರೆ ಕೊಡುವ ಕಾಣಿಕೆಯೂ ಇದೆ. ಗುಡಾರದ ದೇವಾಲಯಕ್ಕಾಗಿ ಜನರು ತಂದ ಕಾಣಿಕೆ ಹೆಚ್ಚಾಗಿ, 'ಇನ್ನು ತರಬೇಡಿ' ಎಂದು ಮೋಶೆಯೇ ಸಾರಿಸಬೇಕಾಯಿತಂತೆ! ಹೊಸ ಒಡಂಬಡಿಕೆಯಲ್ಲಿ ಶ್ರೀಮಂತರ ದೊಡ್ಡ ಮೊತ್ತಕ್ಕಿಂತ ಬಡ ವಿಧವೆಯ ಎರಡು ಪುಟ್ಟ ಕಾಸು ಹೆಚ್ಚೆಂದು ಯೇಸು ಹೇಳಿದ. ಅವರು ಮಿಕ್ಕಿದ್ದರಲ್ಲಿ ಕೊಟ್ಟರು, ಆಕೆ ಬದುಕಿಗಿದ್ದದ್ದನ್ನೇ ಕೊಟ್ಟಳು. ಕೊರಿಂಥದ ಸಭೆಗೆ ಬರೆದ ಎರಡನೆಯ ಪತ್ರದಲ್ಲಿ ಪೌಲ, ಒಲ್ಲದ ಮನಸ್ಸಿನಿಂದಾಗಲಿ ಬಲವಂತಕ್ಕಾಗಲಿ ಕೊಡುವುದು ಬೇಡ ಎನ್ನುತ್ತಾನೆ. ಒತ್ತಾಯ ಬಂದ ದಿನ ಕಾಣಿಕೆಯು ತೆರಿಗೆಯಾಗಿ ಬಿಡುತ್ತದೆ.

ಡಬ್ಬಿಯಲ್ಲಿ ಕೂಡಿದ ಅಕ್ಕಿಯನ್ನು ಚರ್ಚಿನ ಮಹಿಳೆಯರು ಮನೆಮನೆಗೆ ಹೋಗಿ ಸಂಗ್ರಹಿಸುತ್ತಾರೆ. ಅದನ್ನು ಮಾರಿ ಬಂದ ಹಣ ಸಭೆಯ ಸೇವಾಕಾರ್ಯಕ್ಕೆ ಸಲ್ಲುತ್ತದೆ. ಹಿಡಿಯಿಂದ ಎಷ್ಟಾದೀತು ಎನ್ನುವವರು ಒಂದು ಲೆಕ್ಕ ಮಾಡಿ ನೋಡಬಹುದು. ಒಂದು ಹಿಡಿಗೆ 50 ಗ್ರಾಂ ಎಂದಿಟ್ಟುಕೊಂಡರೆ, ದಿನಕ್ಕೆ ಎರಡು ಹಿಡಿಯಂತೆ ವರ್ಷಕ್ಕೆ ಒಂದು ಮನೆಯಿಂದ 36 ಕಿಲೋ ದಾಟುತ್ತದೆ. ನೂರು ಮನೆಗಳ ಹಳ್ಳಿಯೊಂದರಿಂದ 36 ಕ್ವಿಂಟಲಿಗೂ ಹೆಚ್ಚು!

ರಾಶಿಯಲ್ಲಿ ಬೆರೆತ ಮೇಲೆ ಯಾವ ಹಿಡಿ ಉಳ್ಳವರದು, ಯಾವುದು ಇಲ್ಲದವರದು ಎಂದು ಗುರುತಿಸುವವರಿಲ್ಲ. ಬಡವರಿಗೆ ಇದರಿಂದ ಸಿಗುವ ಗೌರವ ದೊಡ್ಡದು: ತಾವೂ ಕೊಡಬಲ್ಲೆವು ಎಂಬ ಗೌರವ.

ಹೆತ್ತವರಿಗೂ ಇಲ್ಲೊಂದು ಪಾಠವಿದೆ. ಕೊಡುವುದು ಒಳ್ಳೆಯದೆಂದು ಮಕ್ಕಳಿಗೆ ನೂರು ಸಲ ಹೇಳುವುದಕ್ಕಿಂತ, ದಿನಕ್ಕೆರಡು ಬಾರಿ ಒಲೆಯ ಮುಂದೆ ಕೂತ ಮಗು ಅಮ್ಮನ ಕೈಯನ್ನು ನೋಡಿದರೆ ಸಾಕು. ಆ ಮನೆಗಳಲ್ಲಿ ದೇವರ ಪಾಲು ಊಟವಾದ ಮೇಲೆ ಉಳಿದದ್ದಲ್ಲ, ಅಡುಗೆಗೆ ಮೊದಲೇ ತೆಗೆದಿಟ್ಟದ್ದು.