ಸಿ–ಎ–ಟಿ ‘ಕ್ಯಾಟ್’ ಆದ ಬಗೆ

‘ಸಿ–ಎ–ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು.’ ಕರ್ನಾಟಕದ ಎಷ್ಟೋ ಶಾಲೆಗಳ ಕಿಟಕಿಯಿಂದ ಈ ರಾಗ ಇಂದಿಗೂ ತೇಲಿಬರುತ್ತದೆ. ಮೇಷ್ಟ್ರು ಹೇಳಿಕೊಡುತ್ತಾರೆ, ಮಕ್ಕಳು ಒಕ್ಕೊರಲಿನಿಂದ ಒಪ್ಪಿಸುತ್ತಾರೆ. ಆದರೆ ಸಿ, ಎ, ಟಿ ಎಂಬ ಮೂರು ಹೆಸರುಗಳನ್ನು ಎಷ್ಟೇ ಬೇಗ ಕೂಡಿಸಿ ಹೇಳಿದರೂ ‘ಸಿಯೇಟಿ’ ಆದೀತೇ ಹೊರತು ‘ಕ್ಯಾಟ್’ ಆಗದು. ಕ, ಮ, ಲ ಕೂಡಿದರೆ ಕಮಲ ಎಂದು ಓದಿ ಅಭ್ಯಾಸವಾದ ಮಗು ಇಲ್ಲಿ ಕಕ್ಕಾಬಿಕ್ಕಿಯಾಗುತ್ತದೆ.

ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಉಚ್ಚಾರ. ಇಂಗ್ಲಿಷಿನಲ್ಲಿ ಹೆಸರು ಒಂದು, ಸದ್ದು ಇನ್ನೊಂದು. ಇರುವ ಅಕ್ಷರ 26, ಹೊರಡಬೇಕಾದ ಧ್ವನಿ ಸುಮಾರು 44. ಈ ಅಂತರಕ್ಕೆ ಸೇತುವೆ ಕಟ್ಟುವುದು ಹೇಗೆಂದು ಇಂಗ್ಲಿಷ್ ನಾಡುಗಳ ಶಿಕ್ಷಕರು ನಾಲ್ಕೂವರೆ ಶತಮಾನಗಳಿಂದ ಯೋಚಿಸಿದ್ದಾರೆ, ಜಗಳವಾಡಿದ್ದಾರೆ, ಮಕ್ಕಳ ಮೇಲೆ ಪ್ರಯೋಗ ಮಾಡಿದ್ದಾರೆ. ಇಂದು ನಮ್ಮ ಶಿಶುವಿಹಾರಗಳ ಫಲಕಗಳ ಮೇಲೆ ಕಾಣುವ, ಅಕ್ಷರಗಳ ಸದ್ದು ಹಿಡಿದು ಓದು ಕಲಿಸುವ ಕ್ರಮವನ್ನು ಸೂಚಿಸುವ ‘ಫೋನಿಕ್ಸ್’ ಎಂಬ ಪದದ ಹಿಂದೆ ಇಷ್ಟೂ ಚರಿತ್ರೆಯಿದೆ.

ಅಂತರ ಮೊದಲು ಇಷ್ಟು ದೊಡ್ಡದಾಗಿರಲಿಲ್ಲ. 14ನೇ ಶತಮಾನದ ಇಂಗ್ಲಿಷರು ‘ನೇಮ್’ ಎಂಬ ಪದವನ್ನು ಹೆಚ್ಚುಕಡಿಮೆ ನಮ್ಮ ‘ನಾಮ’ದಂತೆಯೇ ಉಚ್ಚರಿಸುತ್ತಿದ್ದರು. ‘ನೈಟ್’ ಎಂಬ ಯೋಧನ ಹೆಸರಿನ ಮೊದಲಿಗೆ ಈಗ ಸದ್ದಿಲ್ಲದೆ ಕೂತಿರುವ ‘ಕೆ’ ಆಗ ಸ್ಪಷ್ಟವಾಗಿ ಕೇಳುತ್ತಿತ್ತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದ. ಕಾಗುಣಿತ ಮೆಲ್ಲಮೆಲ್ಲಗೆ ಅಚ್ಚಿನಲ್ಲಿ ಗಟ್ಟಿಯಾಯಿತು. ಆದರೆ ಜನರ ಬಾಯಲ್ಲಿ ಸ್ವರಗಳು ಮುಂದಿನ ಎರಡು ಶತಮಾನವೂ ಜಾಗ ಬದಲಿಸುತ್ತಲೇ ಇದ್ದವು. ಬರಹ ನಿಂತಲ್ಲೇ ನಿಂತಿತು, ಮಾತು ಮುಂದೆ ನಡೆಯಿತು.

ಇದನ್ನು ಮೊದಮೊದಲು ಗುರುತಿಸಿದವರಲ್ಲಿ ಜಾನ್ ಹಾರ್ಟ್ ಒಬ್ಬ. ಓದುಬರಹ ಬಾರದವರಿಗಾಗಿ 1570ರಲ್ಲಿ ಅವನು ತಂದ ಪುಸ್ತಕದಲ್ಲಿ ಚಿತ್ರಗಳ ನೆರವಿನಿಂದ ಅಕ್ಷರಗಳ ಸದ್ದನ್ನು ಕಲಿಸುವ ದಾರಿಯಿತ್ತು. ಶಾಲೆಗಳು ಆ ದಾರಿ ಹಿಡಿಯಲಿಲ್ಲ. ಅಲ್ಲಿ ನಡೆದದ್ದು ‘ಹಾರ್ನ್‌ಬುಕ್’. ಹಿಡಿಯಿರುವ ಮರದ ಹಲಗೆ, ಅದರ ಮೇಲೊಂದು ಹಾಳೆ, ಹಾಳೆ ಹರಿಯದಂತೆ ಮೇಲೆ ಕೊಂಬಿನಿಂದ ಸೀಳಿದ ಪಾರದರ್ಶಕ ಪದರ. ಹಾಳೆಯಲ್ಲಿ ಅಕ್ಷರಮಾಲೆ, ಕೆಳಗೆ ‘ಬ, ಬೆ, ಬಿ’ ಎಂಬಂಥ ಜೋಡಿಗಳ ಸಾಲು, ಕೊನೆಗೆ ಕ್ರೈಸ್ತ ಪ್ರಾರ್ಥನೆ. ನಡುವಿನ ಆ ಸಾಲು ನಮ್ಮ ಕಾಗುಣಿತದ ದೂರದ ನೆಂಟನಂತೆ ಕಾಣುತ್ತದೆ.

ಅಮೆರಿಕದಲ್ಲಿ ನೋವಾ ವೆಬ್‌ಸ್ಟರ್ 1783ರಲ್ಲಿ ಹೊರತಂದ ನೀಲಿ ರಟ್ಟಿನ ಕಾಗುಣಿತ ಪುಸ್ತಕ ತಲೆಮಾರುಗಳ ಕಾಲ ಕೋಟಿಗಟ್ಟಲೆ ಮಾರಾಟವಾಯಿತು. ಅದರಲ್ಲೂ ಅಕ್ಷರಗಳ ಹೆಸರು ಹೇಳಿ, ತುಂಡು ತುಂಡಾಗಿ ಒಪ್ಪಿಸಿ, ಆಮೇಲೆ ಪದಕ್ಕೆ ಬರಬೇಕು. ನಮ್ಮ ‘ಸಿ–ಎ–ಟಿ’ ರಾಗ ಈ ಮನೆತನದ್ದೇ.

ಈ ಕಥೆಯ ಒಂದು ಎಳೆ ದಕ್ಷಿಣ ಭಾರತದಲ್ಲೂ ಇದೆ. 1789ರಲ್ಲಿ ಮದರಾಸಿನ ಎಗ್ಮೋರ್‌ನಲ್ಲಿದ್ದ ಸೈನಿಕರ ಮಕ್ಕಳ ಅನಾಥಾಲಯದ ಹೊಣೆ ಹೊತ್ತ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್, ಸ್ಥಳೀಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡ. ತನ್ನ ಶಾಲೆಯಲ್ಲೂ ಮರಳು ಹರಡಿಸಿ ಇಂಗ್ಲಿಷ್ ಅಕ್ಷರ ಬರೆಸಿದ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಕ್ರಮವನ್ನೂ ಬೆಳೆಸಿದ. 1797ರಲ್ಲಿ ಅವನು ಲಂಡನ್ನಿನಲ್ಲಿ ಇದರ ವರದಿ ಪ್ರಕಟಿಸಿದ ಮೇಲೆ ‘ಮದರಾಸ್ ಪದ್ಧತಿ’ ಬ್ರಿಟನ್ನಿನ ಬಡ ಮಕ್ಕಳ ಶಾಲೆಗಳಿಗೆ ಹಬ್ಬಿತು. ಇಂದಿನ ಫೋನಿಕ್ಸ್ ತರಗತಿಗಳಲ್ಲೂ ಮರಳು ತುಂಬಿದ ತಟ್ಟೆಗೆ ಜಾಗವಿದೆ.

19ನೇ ಶತಮಾನದ ನಡುವೆ ಬಂಡಾಯವೆದ್ದಿತು. ಮ್ಯಾಸಚೂಸೆಟ್ಸ್‌ನ ಶಿಕ್ಷಣ ಮಂಡಳಿಯ ಕಾರ್ಯದರ್ಶಿ ಹೊರೇಸ್ ಮ್ಯಾನ್, ಅರ್ಥವಿಲ್ಲದ ಅಕ್ಷರಗಳನ್ನು ಉರು ಹೊಡೆಸುವುದು ಮಕ್ಕಳ ಉತ್ಸಾಹವನ್ನೇ ಕೊಲ್ಲುತ್ತದೆ ಎಂದು ವಾದಿಸಿ, ಇಡೀ ಪದವನ್ನೇ ಮೊದಲು ಕಲಿಸಿ ಎಂದ. 1844ರಲ್ಲಿ ಬಾಸ್ಟನ್ನಿನ 31 ಶಾಲಾ ಮುಖ್ಯಸ್ಥರು ಅವನಿಗೆ ಪುಸ್ತಕರೂಪದಲ್ಲೇ ಎದುರುತ್ತರ ಕೊಟ್ಟರು. ಆದರೂ ಗಾಳಿ ಬೀಸಿದ್ದು ಮ್ಯಾನ್‌ನ ಕಡೆಗೆ. 1930ರಲ್ಲಿ ಬಂದ ‘ಡಿಕ್ ಅಂಡ್ ಜೇನ್’ ಪಾಠಗಳು ಕೆಲವೇ ಪದಗಳನ್ನು ಮತ್ತೆ ಮತ್ತೆ ಕಣ್ಣಿಗೆ ತಂದು, ಚಿತ್ರದಂತೆ ನೆನಪಿನಲ್ಲಿ ಅಚ್ಚೊತ್ತುತ್ತಿದ್ದವು. ಕಲಿತ ಪದವನ್ನು ಮಗು ಥಟ್ಟನೆ ಓದುತ್ತಿತ್ತು. ಕಾಣದ ಪದ ಎದುರಾದರೆ ಊಹೆಯೇ ಗತಿ.

1955ರಲ್ಲಿ ರುಡಾಲ್ಫ್ ಫ್ಲೆಶ್ ‘ವೈ ಜಾನಿ ಕಾಂಟ್ ರೀಡ್’ ಬರೆದು ಈ ಪದ್ಧತಿಗೆ ಬೆಂಕಿಯಿಟ್ಟ. ಅದೇ ಬಿಸಿಯಲ್ಲಿ, ಸಪ್ಪೆ ಪಾಠಗಳ ಬದಲು ಮಕ್ಕಳು ಕೆಳಗಿಡದಂಥ ಪುಸ್ತಕ ಬೇಕೆಂಬ ಕೋರಿಕೆಗೆ ಡಾ. ಸ್ಯೂಸ್ 1957ರಲ್ಲಿ ‘ದ ಕ್ಯಾಟ್ ಇನ್ ದ ಹ್ಯಾಟ್’ ಕೊಟ್ಟರು. ಅದರಲ್ಲಿರುವ ಬೇರೆಬೇರೆ ಪದಗಳು ಬರೀ 236. ಬ್ರಿಟನ್ನಿನಲ್ಲಿ ಸರ್ ಜೇಮ್ಸ್ ಪಿಟ್‌ಮನ್ ಲಿಪಿಯನ್ನೇ ಬದಲಿಸಲು ಹೊರಟರು. ಶೀಘ್ರಲಿಪಿಯ ಐಸಾಕ್ ಪಿಟ್‌ಮನ್ ಅವರ ಅಜ್ಜ. ಒಂದು ಧ್ವನಿಗೆ ಒಂದು ಗುರುತು ಎಂಬಂತೆ 44 ಗುರುತುಗಳ ಆರಂಭಿಕ ಲಿಪಿ 1961ರಲ್ಲಿ ಕೆಲವು ಶಾಲೆಗಳಿಗೆ ಬಂತು. ಮಕ್ಕಳು ಬೇಗ ಓದತೊಡಗಿದರು, ಆದರೆ ಮಾಮೂಲಿ ಲಿಪಿಗೆ ಮರಳುವಾಗ ಹಲವರು ಎಡವಿದರು. ಪ್ರಯೋಗ ನಿಧಾನವಾಗಿ ಮರೆಗೆ ಸರಿಯಿತು.

1967 ಎರಡು ಪಕ್ಷಗಳಿಗೂ ನೆನಪಿನ ವರ್ಷ. ಲಭ್ಯ ಸಂಶೋಧನೆಗಳನ್ನು ತೂಗಿ ನೋಡಿದ ಹಾರ್ವರ್ಡ್‌ನ ಜೀನ್ ಚಾಲ್, ಮೊದಲಿಗೆ ಅಕ್ಷರ–ಧ್ವನಿ ಸಂಬಂಧ ಕಲಿಸುವುದೇ ಮೇಲು ಎಂದರು. ಅದೇ ವರ್ಷ ಕೆನೆತ್ ಗುಡ್‌ಮನ್, ಓದು ಎಂದರೆ ಸಂದರ್ಭ ಹಿಡಿದು ಆಡುವ ಊಹೆಯಾಟ ಎಂದು ಬರೆದರು. ಮುಂದಿನ ದಶಕಗಳಲ್ಲಿ ಗುಡ್‌ಮನ್ ಮಾತಿಗೇ ತರಗತಿಗಳಲ್ಲಿ ಮನ್ನಣೆ ಸಿಕ್ಕಿತು.

ತಿರುವು ಬಂದದ್ದು ಸ್ಕಾಟ್ಲೆಂಡಿನ ಪುಟ್ಟ ಕ್ಲಾಕ್‌ಮ್ಯಾನನ್‌ಶೈರ್‌ನಿಂದ. ಅಲ್ಲಿನ ಸುಮಾರು 300 ಮಕ್ಕಳನ್ನು ಏಳು ವರ್ಷ ಹಿಂಬಾಲಿಸಿದ ಸಂಶೋಧಕರಾದ ಜಾನ್‌ಸ್ಟನ್ ಮತ್ತು ವಾಟ್ಸನ್ ಅವರ ವರದಿ 2005ರಲ್ಲಿ ಹೊರಬಿತ್ತು. ಧ್ವನಿಗಳನ್ನು ಕಲಿತು, ಅವನ್ನು ಬೆಸೆದು ಓದಲು ಕಲಿತ ಮಕ್ಕಳು ಪದ ಓದುವುದರಲ್ಲಿ ವಯಸ್ಸಿಗೆ ಮೀರಿ ಮುಂದಿದ್ದರು. 2006ರಲ್ಲಿ ಜಿಮ್ ರೋಸ್ ಸಮಿತಿ ಇದನ್ನೇ ಇಂಗ್ಲೆಂಡಿಗೆ ಶಿಫಾರಸು ಮಾಡಿತು. 2012ರಿಂದ ಅಲ್ಲಿನ ಆರು ವರ್ಷದ ಮಕ್ಕಳು 40 ಪದ ಓದುವ ಪರೀಕ್ಷೆಗೆ ಕೂರುತ್ತಾರೆ. ಅದರಲ್ಲಿ 20 ಪದಗಳಿಗೆ ಅರ್ಥವೇ ಇಲ್ಲ. ಬಾಯಿಪಾಠವಾಗಲಿ ಊಹೆಯಾಗಲಿ ಅಲ್ಲಿ ನಡೆಯದು.

ನಮ್ಮೂರುಗಳಿಗೆ ಬಂದ ಫೋನಿಕ್ಸ್‌ನ ಬಹುಪರಿಚಿತ ರೂಪ ‘ಜಾಲಿ ಫೋನಿಕ್ಸ್’. ಇಂಗ್ಲೆಂಡಿನ ಶಿಕ್ಷಕಿಯರಾದ ಸ್ಯೂ ಲಾಯ್ಡ್ ಮತ್ತು ಸಾರಾ ವೆರ್ನಮ್ 1990ರ ದಶಕದಲ್ಲಿ ರೂಪಿಸಿದ ಈ ಕ್ರಮ ಎ, ಬಿ, ಸಿ, ಡಿಯಿಂದ ಶುರುವಾಗುವುದಿಲ್ಲ. ಮೊದಲ ಗುಂಪಿನಲ್ಲಿ ಬರುವುದು ಸ್, ಆ್ಯ, ಟ್, ಇ, ಪ್, ನ್. ಕಾರಣ ಸರಳ: ಇವು ಆರೇ ಗೊತ್ತಿದ್ದರೂ ಸ್ಯಾಟ್, ಪಿನ್, ಟಿನ್, ಟ್ಯಾಪ್, ನ್ಯಾಪ್ ಎಂದು ಪದಗಳ ಸಾಲನ್ನೇ ಓದಬಹುದು.

ಇಲ್ಲಿ ಕನ್ನಡದ ಶಿಕ್ಷಕಿಗೆ ಒಂದು ತೊಡಕೂ ಇದೆ, ಒಂದು ಅನುಕೂಲವೂ ಇದೆ. ನಮ್ಮ ವ್ಯಂಜನದೊಳಗೆ ‘ಅ’ ಅಡಗಿರುತ್ತದೆ. ಪದದ ಕೊನೆಗೂ ನಮ್ಮ ನಾಲಿಗೆ ಸ್ವರ ಬೇಡುತ್ತದೆ. ಬಸ್ ‘ಬಸ್ಸು’ ಆಗುತ್ತದೆ, ಪೆನ್ ‘ಪೆನ್ನು’ ಆಗುತ್ತದೆ. ‘ಪ–ಇ–ನ’ ಎಂದು ಹೇಳಿಕೊಟ್ಟರೆ ಪಿನ್ ಹುಟ್ಟುವುದಿಲ್ಲ. ಕನ್ನಡ ಓದುವ ಮಕ್ಕಳಲ್ಲಿ ಅಕ್ಷರವನ್ನು ಒಡೆದು ಒಂಟಿ ಧ್ವನಿ ಗುರುತಿಸುವ ಶಕ್ತಿ ತಡವಾಗಿ ಬೆಳೆಯುತ್ತದೆ ಎಂದು ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ತೋರಿಸಿದ್ದಾರೆ. ಆದರೆ ಒಡೆದ ಧ್ವನಿಯನ್ನು ಬರೆದು ತೋರಿಸುವ ಗುರುತು ನಮ್ಮಲ್ಲಿ ಮೊದಲಿನಿಂದಲೇ ಇದೆ: ಕ್, ಪ್, ನ್. ‘ಪ್ ಕೂಡಿಸು ಇ, ಪಿ’ ಎಂದು ಕಾಗುಣಿತದಲ್ಲಿ ಬಿಡಿಸಿ ತೋರಿಸಿದರೆ, ಧ್ವನಿ ಬೆಸೆಯುವ ಕೆಲಸ ಮಗುವಿಗೆ ಪೂರ್ತಿ ಹೊಸದಲ್ಲ.

ಹಾಗಾಗಿ ಕಪ್ಪುಹಲಗೆಯ ಮೇಲೆ ಮೂರು ಇಂಗ್ಲಿಷ್ ಅಕ್ಷರ ಬರೆದು, ಅವುಗಳ ಕೆಳಗೆ ಸೀಮೆಸುಣ್ಣದಿಂದ ಪ್, ಇ, ನ್ ಎಂದು ಬರೆದರೆ ಸಾಕು. ಮಗು ಮೊದಲು ತುಟಿ ಕೂಡಿಸುತ್ತದೆ, ಆಮೇಲೆ ಬಾಯಿ ಕೊಂಚ ತೆರೆಯುತ್ತದೆ, ಕೊನೆಗೆ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಅಲ್ಲೇ ನಿಲ್ಲಿಸುತ್ತದೆ. ‘ಪಿನ್!’ ಎಂದು ಕೂಗಿ, ತನ್ನ ಅಂಗಿಗೆ ಚುಚ್ಚಿದ ಪಿನ್ನನ್ನು ಮುಟ್ಟಿ ನೋಡುತ್ತದೆ.