ನಜರ್‌ಬಾದ್ ಎಂಬ ಹೆಸರು

ಮೈಸೂರಿನ ನಜರ್‌ಬಾದನ್ನು ನಾವು ದಿನವೂ ಹೆಸರಿಸುತ್ತೇವೆ. ಅದರ ಅರ್ಥವನ್ನು ವಿಚಾರಿಸುವುದು ವಿರಳ. ‘ನಜರ್’ ಎಂಬುದು ದೃಷ್ಟಿಯೆಂಬರ್ಥದ ಅರಬ್ಬೀ ಶಬ್ದ. ‘ಆಬಾದ್’ ಎಂದರೆ ಪಾರಸಿಯಲ್ಲಿ ಜನವಸತಿಯುಳ್ಳದ್ದು. ಹಿಂದೆ ದಸರಾ ದರ್ಬಾರಿನಲ್ಲಿ ಅಧಿಕಾರಿಗಳು ಮಹಾರಾಜರಿಗೆ ಒಪ್ಪಿಸುತ್ತಿದ್ದ ‘ನಜರು’ ಬೇರೆ. ಅದು ಹರಕೆಯೆಂಬರ್ಥದ ಮತ್ತೊಂದು ಅರಬ್ಬೀ ಶಬ್ದದಿಂದ ಬಂದುದು.

ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳಿಂದ ಇಲ್ಲಿ ಹೊಸ ಕೋಟೆಯನ್ನು ಕಟ್ಟಿಸತೊಡಗಿದನು. ೧೭೯೯ರಲ್ಲಿ ಅವನು ಮಡಿದ ಬಳಿಕ ಆ ಕಲ್ಲುಗಳು ಮರಳಿ ಹಳೆಯ ಕೋಟೆಗೇ ಸಂದುವು. ಹೆಸರು ಮಾತ್ರ ಉಳಿಯಿತು.

ಊರುಕೇರಿಗಳ ಹೆಸರನ್ನು ಬದಲಿಸಬೇಕೆಂಬ ಕೂಗೆದ್ದಾಗಲೆಲ್ಲ ಮಹನೀಯರು ಇದನ್ನು ಸ್ಮರಿಸಬೇಕೆಂದು ನಮ್ಮ ಅರಿಕೆ. ಎರಡು ಶತಮಾನಗಳಿಗೂ ಮೀರಿ ಮೈಸೂರಿಗರ ನಾಲಗೆಯಲ್ಲಿ ನೆಲೆಸಿದ ಶಬ್ದವು ಇಟ್ಟವನ ಸೊತ್ತಾಗಿ ಉಳಿದಿಲ್ಲ. ಅದೀಗ ಕನ್ನಡದ್ದೇ ಸರಿ.